ಪೆಟ್ರೋಲ್ ಮುಗಿದು ವಿಮಾನ ಬೀಳುತ್ತಾ?

ಬೀಳುತ್ತೆ. ಹೇಳಿದರೆ ಜನ ನಗ್ತಾರೆ, "ಬೈಕಿನವನೂ ಟ್ಯಾಂಕ್ ಅಲ್ಲಾಡಿಸಿ ನೋಡ್ತಾನಲ್ರೀ!" ಅಂತ. ಅಮೆರಿಕದಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಸಂಸ್ಥೆ 2011ರಿಂದ 2015ರವರೆಗಿನ ಸಣ್ಣ ವಿಮಾನಗಳ ಲೆಕ್ಕ ತೆಗೆದಾಗ, ಇಂಧನದ ಎಡವಟ್ಟಿನಿಂದಲೇ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತ. ಅದರಲ್ಲಿ ಕಲಿಯುವವರ ಪಾಲು ಶೇ. 2 ಮಾತ್ರ. ಹೆಚ್ಚುಕಮ್ಮಿ ಅರ್ಧದಷ್ಟು ಮಂದಿ ಕಮರ್ಷಿಯಲ್ (ಸಂಬಳಕ್ಕೆ ಹಾರಿಸುವ) ಅಥವಾ ಅದಕ್ಕೂ ಮೇಲಿನ ಲೈಸೆನ್ಸಿನವರು. (ಕಲಿಯುವವರ ಬೆನ್ನಿಗೆ ಗುರು ಇರ್ತಾರೆ, ಅದೂ ಸೇರಿಸಿಕೊಳ್ಳಿ.)

ಹಾಗಂತ "ಪೈಲಟ್ ಅಜಾಗರೂಕತೆ" ಅಂತ ಷರಾ ಬರೆದು ಫೈಲು ಮುಚ್ಚೋದನ್ನ ನಾನು ಒಪ್ಪಲ್ಲ. ಅಮೆರಿಕದ ಗಾಯಕ ಜಾನ್ ಡೆನ್ವರ್ ಸತ್ತ ಕಥೆ ನೋಡಿ. 1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ. 2,700 ಗಂಟೆಗೂ ಹೆಚ್ಚು ಹಾರಿದ್ದ ಮನುಷ್ಯ, ಆದರೆ ಆ ಲಾಂಗ್-ಈಝೀ ವಿಮಾನ (ನಕ್ಷೆ ತಂದು ಹವ್ಯಾಸಿಗಳೇ ಕಟ್ಟಿಕೊಳ್ಳುವ ಪುಟ್ಟ ವಿಮಾನ) ಅವನಿಗೆ ಹೊಸದು. ಟ್ಯಾಂಕ್ ಬದಲಿಸುವ ವಾಲ್ವನ್ನು ಅದನ್ನು ಕಟ್ಟಿದವರು ಮೂಲ ವಿನ್ಯಾಸದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಕೂರಿಸಿದ್ದರು. ಅದರ ಮೇಲೆ ಗುರುತೂ ಇರಲಿಲ್ಲ. ಇಂಧನದ ಮಟ್ಟ ತೋರಿಸುವ ಗೇಜೂ ಹಿಂದೆ. ನೋಡೋಕೆ ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟನಂತೆ! ಒಂದು ಗಂಟೆ ಹಾರೋದಷ್ಟೇ ಅಂತ ಡೆನ್ವರ್ ಪೆಟ್ರೋಲ್ ಹಾಕಿಸಲಿಲ್ಲ. ವಾಲ್ವ್ ತಿರುಗಿಸಲು ಹಿಂದಕ್ಕೆ ಹೊರಳಿದಾಗ ಕಾಲು ಬಲಗಡೆ ರಡ್ಡರ್ (ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ಪೆಡಲ್) ಒತ್ತಿ ವಿಮಾನ ಕೈತಪ್ಪಿ ಸಮುದ್ರಕ್ಕೆ ಬಿತ್ತು ಅನ್ನೋದು ತನಿಖೆಯ ತೀರ್ಮಾನ. ತಪ್ಪು ಅವನದೂ ಹೌದು, ಆ ವಾಲ್ವ್ ಅಲ್ಲಿಟ್ಟವರದೂ ಹೌದು. ವರದಿ ಎರಡನ್ನೂ ಬರೆದಿದೆ, ನಾವು ಮೊದಲನೆಯದನ್ನಷ್ಟೇ ಓದ್ತೀವಿ.

ಇನ್ನು ಅಮೆರಿಕದ ಕಾನೂನು. ಹಗಲು ಕಣ್ಣಳತೆಯಲ್ಲಿ ಹಾರುವವರು ಗಮ್ಯ ತಲುಪಿದ ಮೇಲೂ 30 ನಿಮಿಷಕ್ಕೆ, ರಾತ್ರಿಯಾದರೆ 45 ನಿಮಿಷಕ್ಕೆ ಸಾಲುವಷ್ಟು ಇಂಧನದ ಲೆಕ್ಕ ಇಟ್ಟು ಹೊರಡಬೇಕು. ನಾಲ್ಕು ಸೀಟಿನ ಸಣ್ಣ ವಿಮಾನ ಸೆಸ್ನಾ 172ಕ್ಕೆ ಅರ್ಧ ಗಂಟೆ ಅಂದರೆ ಸುಮಾರು 15 ಲೀಟರ್. ಅದೂ ಎರಡು ರೆಕ್ಕೆಗೆ ಹಂಚಿಹೋಗಿ ತಳದಲ್ಲಿ ಓಲಾಡ್ತಿರುತ್ತೆ, ಗೇಜಿನ ಮುಳ್ಳು ಏನು ಹೇಳುತ್ತೋ ದೇವರೇ ಬಲ್ಲ. ಎದುರುಗಾಳಿ ಜೋರಾಯ್ತು, ಮಿಕ್ಸ್ಚರ್ ತೆಳು ಮಾಡೋದು (ಮೇಲೆ ಹೋದಮೇಲೆ ಇಂಜಿನ್ನಿಗೆ ಹೋಗುವ ಪೆಟ್ರೋಲ್ ಕಡಿಮೆ ಮಾಡೋದು) ಮರೆತುಹೋಯ್ತು ಅಂದರೆ ಪುಸ್ತಕದ ಲೆಕ್ಕ ಪುಸ್ತಕದಲ್ಲೇ. ನನ್ನ ಪ್ರಕಾರ ಒಂದು ಗಂಟೆಗಿಂತ ಕಡಿಮೆ ಉಳಿಸಿಕೊಂಡು ಯಾರೂ ಇಳಿಯಬಾರದು. ದಾರಿಯಲ್ಲೇ ಅದಕ್ಕೆ ಕೈ ಹಾಕಬೇಕಾಗುತ್ತೆ ಅನಿಸಿದರೆ ಪಕ್ಕದ ಏರ್‌ಪೋರ್ಟಿಗೆ ತಿರುಗಿಸಿ. ಮನೆಗೆ ತಡ ಆಗುತ್ತೆ, ಆಗಲಿ.

ಬಾಡಿಗೆಗೆ ವಿಮಾನ ಕೊಡುವ ಕ್ಲಬ್ಬಿನವರಿಗೂ ಒಂದು ಮಾತು: ಟ್ಯಾಂಕಿನ ಅಳತೆ ಕಡ್ಡಿಯನ್ನ ವಿಮಾನದಲ್ಲೇ ಇಡಿ ಸ್ವಾಮಿ, ಆಫೀಸಿನ ಡ್ರಾಯರಿನಲ್ಲಲ್ಲ. ಏಣಿ ಹತ್ತಿ ಕಡ್ಡಿ ಅದ್ದಿ ನೋಡೋಕೆ ಎರಡು ನಿಮಿಷ ಸಾಕು, ಅದನ್ನ ಹುಡುಕೋಕೇ ಇಪ್ಪತ್ತು ನಿಮಿಷ ಹಿಡಿದರೆ ಯಾರು ತಾನೇ ಅದ್ದುತ್ತಾರೆ?