ಎಮ್ಮಿಗನೂರು ಇನ್ನೇನು ಬಂತು

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಆದೋನಿಯ ರಸ್ತೆಗಳಿಗೆ ನಿದ್ದೆ ಇರುವುದಿಲ್ಲ. ಸಿರುಗುಪ್ಪ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವ ಜನ ಹಗಲೂ ರಾತ್ರಿಯೂ ಬರುತ್ತಲೇ ಇರುತ್ತಾರೆ. ಹೆಗಲ ಮೇಲೆ ಕಂಬಿ, ತಲೆಗೆ ಒದ್ದೆ ಟವೆಲ್ಲು, ಬಾಯಲ್ಲಿ ಮಲ್ಲಯ್ಯ. ನಮ್ಮ ಓಣಿಯವರು ರಸ್ತೆ ಬದಿಗೆ ಶಾಮಿಯಾನ ಹಾಕಿ ಮಜ್ಜಿಗೆ, ಉಗ್ಗಾನಿ, ಮೆಣಸಿನಕಾಯಿ ಬಜ್ಜಿ ಹಂಚುತ್ತಾರೆ. ಚಿಕ್ಕಂದಿನಿಂದ ನಾನು ಈ ಹಂಚುವ ಕಡೆಯವನು. ಲೋಟ ಕೈಗಿಟ್ಟು, “ಎಮ್ಮಿಗನೂರು ಇನ್ನೇನು ಬಂತು, ನಡೀರಿ” ಅನ್ನುವುದೂ ನನ್ನ ಸೇವೆಯಲ್ಲಿ ಸೇರಿತ್ತು. ಆದೋನಿಯಿಂದ ಎಮ್ಮಿಗನೂರು ಸುಮಾರು 30 ಕಿಲೋಮೀಟರ್. ಬಸ್ಸಿನಲ್ಲಿ ಕೂತವನಿಗೆ ಅದು ಇನ್ನೇನು ಬಂತೇ.

ಈ ವರ್ಷ ಸೋದರಮಾವ ಬಂದು, “ಕೊಟ್ಟಿದ್ದು ಸಾಕು, ಕುಡಿಯೋ ಕಡೆ ಬಾ” ಅಂದ. ಹೊರಟೆವು. ಮಾವ, ಅತ್ತೆ, ನಾನು.

ಶ್ರೀಶೈಲದ ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ನಮ್ಮ ಅಳಿಯ ಎನ್ನುವುದು ನಮ್ಮವರ ನಂಬಿಕೆ. ಯುಗಾದಿಗೆ ತವರಿನವರು ಸೀರೆ, ಅರಿಶಿನ, ಕುಂಕುಮ ಮುಟ್ಟಿಸಬೇಕು. ಮುಟ್ಟಿಸೋಣ, ಬೇಡ ಅಂದವರು ಯಾರು? ಆದರೆ ಮಗಳನ್ನು ಇಷ್ಟು ದೂರ ಕೊಟ್ಟವರು ಯಾರು, ಹತ್ತಿರದಲ್ಲೊಂದು ಗಂಡು ಸಿಗಲಿಲ್ಲವೇ ಎಂದು ಆದೋನಿಯ ಮನೆಗಳು ಮರೆಯಾಗುವ ಹೊತ್ತಿಗೇ ನನಗೆ ಅನ್ನಿಸತೊಡಗಿತು. ನಮ್ಮ ತಾತ ಹುಟ್ಟಿದ್ದು ಬಳ್ಳಾರಿ ಜಿಲ್ಲೆಯ ಆದೋನಿಯಲ್ಲಿ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ತಾತ ಜಗಲಿಯಿಂದ ಏಳದೆ ರಾಜ್ಯ ಬದಲಾಯಿಸಿದ. ಮಲ್ಲಯ್ಯನೂ ಅಷ್ಟೇ. ಮೊನ್ನೆಮೊನ್ನೆಯವರೆಗೆ ನಮ್ಮ ಕರ್ನೂಲು ಜಿಲ್ಲೆಯವನು, 2022ರಲ್ಲಿ ಹೊಸ ಜಿಲ್ಲೆಗಳಾದಾಗ ಪೀಠ ಬಿಟ್ಟು ಕದಲದೆ ನಂದ್ಯಾಲ ಜಿಲ್ಲೆಯವನಾದ. ನಡೆದೇ ಹೋಗಬೇಕಾದ ಹಣೆಬರಹ ನನ್ನೊಬ್ಬನದು.

ಬೆಳಗಿನ ಜಾವ ಎಲ್ಲ ಚೆನ್ನಾಗಿಯೇ ಇತ್ತು. ತಂಪು ಗಾಳಿ, ಎರಡೂ ಕಡೆ ಹತ್ತಿ ಬಿಡಿಸಿ ಮುಗಿದ ಎರೆಹೊಲ, ಮುಂದೊಂದು ಭಜನೆ ಮೇಳ. ಒಂಬತ್ತು ಗಂಟೆಗೆ ಬಿಸಿಲು ಏರಿತು. ಬರಿಗಾಲಲ್ಲಿ ನಡೆಯುವವರ ಪಾದ ಸುಡಬಾರದೆಂದು ಹಳ್ಳಿಯವರು ಟ್ಯಾಂಕರಿನಿಂದ ಡಾಂಬರಿಗೆ ನೀರು ಬಿಡುತ್ತಿದ್ದರು. ಎಂಥ ಪುಣ್ಯವಂತರು! ಆ ಪುಣ್ಯವೇ ನನ್ನ ಬೂಟಿನೊಳಗೆ ಇಳಿಯಿತು. ಸಾಕ್ಸು ತೊಯ್ದಿತು, ಪಾದ ನೆನೆದು ಮೆತ್ತಗಾಯಿತು, ನೆನೆದ ಚರ್ಮ ಒಂದೇ ಸಮನೆ ಉಜ್ಜಿಸಿಕೊಂಡಿತು. ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡರೆ ನಡುವೆ ನೀರು ತುಂಬುತ್ತದೆ, ಅದೇ ಬೊಕ್ಕೆ. ಮುಂದಿನ ಶಾಮಿಯಾನದಲ್ಲಿ ಬೂಟು ಬಿಚ್ಚಿ ನೋಡಿದರೆ ಹಿಮ್ಮಡಿಯಲ್ಲಿ ಒಂದು ಆಗಲೇ ಬಾಣಲೆಯಲ್ಲಿನ ಬಜ್ಜಿಯಂತೆ ಉಬ್ಬಿ ನಿಂತಿತ್ತು.

ಪಾದಯಾತ್ರೆಯಲ್ಲಿ ಕಾಲು ನಿಮ್ಮದಲ್ಲ, ಊರಿನದು. ಬೊಕ್ಕೆ ಕಂಡದ್ದೇ ತಡ, ಸುತ್ತ ಸಭೆ ಸೇರಿತು. ಸೂಜಿಗೆ ದಾರ ಪೋಣಿಸಿ ಈ ಕಡೆಯಿಂದ ಆ ಕಡೆಗೆ ದಾಟಿಸಿ, ದಾರ ಒಳಗೇ ಬಿಡಿ, ನೀರು ಇಳಿದು ಹೋಗುತ್ತದೆ ಎಂದು ಒಬ್ಬರು. ಒಡೆದಿರೋ ಕೆಟ್ಟಿರಿ ಎಂದು ಇನ್ನೊಬ್ಬರು. ಅರಿಶಿನ, ಬೇವಿನೆಣ್ಣೆ, ಕೊಬ್ಬರಿ ಎಣ್ಣೆ. ಕಾಲೇಜು ಹುಡುಗನೊಬ್ಬ ಫೋಟೊ ತೆಗೆದುಕೊಂಡ, ಯಾಕೆಂದು ಹೇಳಲಿಲ್ಲ. ತೊಡೆ ಉಜ್ಜಿ ಉರಿಯುತ್ತಿದ್ದದ್ದನ್ನು ನಾನು ಬಾಯಿ ಬಿಡಲಿಲ್ಲ. ಅದಕ್ಕೂ ಸಭೆ ಸೇರಿದ್ದರೆ ನನ್ನ ಗತಿ ಏನು?

ಮಾವ ಮಾತ್ರ ಬಗ್ಗಿಯೂ ನೋಡಲಿಲ್ಲ. “ಇದೇನು ನೋವಲೇ. ಆತ್ಮಕೂರು ದಾಟಿದ ಮ್ಯಾಲೆ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು. ಕಲ್ಲು, ಕಾಡು, ಮೆಟ್ಟಿಲು. ಅಲ್ಲಿಗೆ ಸ್ವಲ್ಪ ಉಳಿಸ್ಕೋ” ಅಂದ. ಅದು ಹುಲಿಗಳಿರುವ ಕಾಡು ಎಂದು ಅತ್ತೆ ಸೇರಿಸಿದಳು. ಕುಂಟುವವರನ್ನು ಹುಲಿ ಮೊದಲು ಗುರುತಿಸುತ್ತದಂತೆ. ಅತ್ತೆಗೆ ಇದೆಲ್ಲ ಎಲ್ಲಿಂದ ಗೊತ್ತಾಗುತ್ತದೋ.

ಹನ್ನೊಂದರ ಸುಮಾರಿಗೆ ನನ್ನನ್ನು ಮರಗಾಲಿನವನು ದಾಟಿ ಹೋದ. ಹರಕೆ ಹೊತ್ತವರು ಎರಡು ಕಾಲಿಗೂ ಉದ್ದನೆಯ ಕೋಲು ಕಟ್ಟಿಕೊಂಡು ಶ್ರೀಶೈಲದವರೆಗೆ ನಡೆಯುವುದುಂಟು. ಶಾಮಿಯಾನದಲ್ಲಿ ನಿಂತು ಅವರಿಗೆ ಲೋಟ ಎತ್ತಿ ಕೊಟ್ಟದ್ದು ನೆನಪಿದೆ, ಆದರೆ ರಸ್ತೆಯಲ್ಲಿ ಅವರಿಂದ ಹಿಂದೆ ಬೀಳುವ ಅನುಭವವೇ ಬೇರೆ. ಟಕ್ ಟಕ್ ಎಂದು ಪಕ್ಕಕ್ಕೆ ಬಂದವನು ವೇಗ ತಗ್ಗಿಸಿ, ಮೇಲಿನಿಂದ ಕೇಳಿದ: “ಯಾಕ್ರೀ ಅಣ್ಣಾರ, ಕಾಲು ನೋಯಾಕ ಹತ್ಯಾವೇನು?”

“ಹೂಂ. ಬೊಕ್ಕೆ.”

“ನೆಲಕ್ಕ ಕಾಲು ಹಚ್ಚಿದ್ರ ಅದ ಆಗೂದು ನೋಡ್ರಿ” ಎಂದು ಹೇಳಿ ಮುಂದೆ ಹೋದ.

ಮಧ್ಯಾಹ್ನ ಸಿಕ್ಕಿದ್ದು ದೊಡ್ಡ ದಾಸೋಹ. ಒಂದು ಕಡೆ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ಕಡೆ ಕಾಲು ತಿಕ್ಕುವ ಸೇವೆ. ಮೂಲೆಯಲ್ಲಿ ಚಪ್ಪಲಿ ಹರಿದವರಿಗೆ ಹಂಚಲು ಯಾರೋ ದಾನಿಗಳು ತಂದಿಟ್ಟ ಪಾದರಕ್ಷೆಗಳ ರಾಶಿ. ತಿಕ್ಕುವ ಹುಡುಗ ನನ್ನ ಬೂಟುಗಳನ್ನು ಭಕ್ತಿಯಿಂದ ಎತ್ತಿ ಪಕ್ಕಕ್ಕಿಟ್ಟ. ಆ ಪಕ್ಕ ಯಾವ ಪಕ್ಕ ಎಂದು ನೋಡುವ ಸ್ಥಿತಿ ನನ್ನದಲ್ಲ. ಬಿಸಿ ಎಣ್ಣೆ ಬಿದ್ದ ಕೂಡಲೇ ಕಣ್ಣು ಮುಚ್ಚಿದ್ದೆ. ಹುಡುಗ ಸಣ್ಣವನಾದರೂ ಹೆಬ್ಬೆರಳು ಗಟ್ಟಿ. ಮೀನಖಂಡದಲ್ಲಿ ನನಗೇ ಗೊತ್ತಿಲ್ಲದ ನರಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದ, ನಾನು ಮಲ್ಲಯ್ಯನನ್ನು ಕೂಗಿದ್ದನ್ನು ಭಕ್ತಿಯೆಂದು ತಿಳಿದು ಇನ್ನೂ ಜೋರಾಗಿ ಒತ್ತಿದ.

ಎದ್ದು ನೋಡಿದರೆ ಬೂಟು ಇಲ್ಲ. ಇದ್ದದ್ದು ಒಂದು ಜೊತೆ ನೀಲಿ ಹವಾಯಿ ಚಪ್ಪಲಿ, ನನ್ನ ಪಾದಕ್ಕಿಂತ ಎರಡು ನಂಬರು ಸಣ್ಣದು, ಎಡಗಾಲಿನದರ ಪಟ್ಟಿ ಕಿತ್ತು ಅಡಿಯಲ್ಲಿ ಪಿನ್ನು ಚುಚ್ಚಿದೆ. ದಾಸೋಹದವರು ಕೈಮುಗಿದು, “ರಾಶಿಯಲ್ಲಿರೋದು ತಗೊಳ್ಳಿ ಸ್ವಾಮಿ” ಅಂದರು. ರಾಶಿ ತಳ ಕಂಡಿತ್ತು, ಉಳಿದದ್ದು ಮಕ್ಕಳ ಅಳತೆ. ನೀಲಿಯನ್ನೇ ಮೆಟ್ಟಿದೆ.

ಅಲ್ಲಿಂದ ಮುಂದೆ ನಾನು ದಾರಿ ನೋಡಲಿಲ್ಲ, ಜನರ ಕಾಲು ನೋಡಿದೆ. ಬಿರುಕು ಬಿಟ್ಟ ಹಿಮ್ಮಡಿ, ಬೆರಳಿಗೆಲ್ಲ ಟೇಪು ಸುತ್ತಿದ ಕಾಲು, ಬರೀ ಸಾಕ್ಸಿನ ಕಾಲು, ಮೂರು ಜೊತೆ ಕಾಲುಂಗುರದ ಕಾಲು. ನನ್ನ ಬೂಟು ಎಲ್ಲೂ ಇಲ್ಲ. ಪಿನ್ನು ಮಾತ್ರ ಹೆಜ್ಜೆಗೊಮ್ಮೆ ತಾನಿದ್ದೇನೆ ಎನ್ನುತ್ತಿತ್ತು. ಹಿಮ್ಮಡಿ ಚಪ್ಪಲಿಯ ಆಚೆಗೆ ಚಾಚಿದ್ದರಿಂದ ಬೊಕ್ಕೆಗೆ ನೇರವಾಗಿ ಡಾಂಬರಿನ ಶಾಖ ತಾಗುತ್ತಿತ್ತು. ಈಗ ಟ್ಯಾಂಕರು ಬರಲೆಂದು ಹಾರೈಸಿದೆ. ಬರಲಿಲ್ಲ. ಸಂಜೆ ಒಂದು ಶಾಮಿಯಾನದಲ್ಲಿ ನಾಲ್ಕನೇ ಕ್ಲಾಸಿನ ವಯಸ್ಸಿನ ಪೋರನೊಬ್ಬ ಮಜ್ಜಿಗೆ ಕೊಟ್ಟು, “ಎಮ್ಮಿಗನೂರು ಇನ್ನೇನು ಬಂತು” ಅಂದ. ಅವನ ಮುಖವನ್ನು ಚೆನ್ನಾಗಿ ನೋಡಿಟ್ಟುಕೊಂಡಿದ್ದೇನೆ. ಅವನೂ ಒಂದು ದಿನ ನಡೆಯುತ್ತಾನೆ.

ಊರು ಮುಟ್ಟಿದಾಗ ದೀಪ ಹತ್ತಿದ್ದವು. ತಂಗುವುದು ಒಂದು ಕಲ್ಯಾಣ ಮಂಟಪದಲ್ಲಿ. ನಾನು ಗೋಡೆ ಹಿಡಿದು ಇನ್ನೇನು ಕೂರಬೇಕು, ಅತ್ತೆ ಅಂದಳು: “ಸೀರೆ ಇಲ್ಲೇ ತಗೋಬೇಕು, ಬಾ.” ಎಮ್ಮಿಗನೂರು ಕೈಮಗ್ಗದ ಊರು. 1938ರಲ್ಲಿ ಮಾಚಾನಿ ಸೋಮಪ್ಪನವರು ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ್ದು, ಮುಂದೆ ಅವರಿಗೆ ಪದ್ಮಶ್ರೀ ಬಂದದ್ದು ಅತ್ತೆಗೆ ಬಾಯಿಪಾಠ. ಆಕೆಯ ಅಜ್ಜನ ಮನೆಯಲ್ಲಿ ಮಗ್ಗ ಇತ್ತು. ಮನೆಮಗಳಿಗೆ ಮಗ್ಗದ್ದೇ ಸೀರೆ ಆಗಬೇಕು, ಅಂಚು ಸರಿಯಾಗಿರಬೇಕು, ಬಣ್ಣ ಬಿಡಬಾರದು. ಅಂಗಡಿಯಲ್ಲಿ ಕುರ್ಚಿ ಒಂದೇ ಇತ್ತು, ಅದರಲ್ಲಿ ಮಾವ ಕೂತ. ಭ್ರಮರಾಂಬೆಗೆ ಹಸಿರೋ ಹಳದಿಯೋ ಎಂಬ ಚರ್ಚೆ ಮುಗಿಯುವವರೆಗೆ ನಾನು ಒಂಟಿಕಾಲಲ್ಲಿ ನಿಂತಿದ್ದೆ. ಕೆಲವರು ಹರಕೆಯಿರಬೇಕೆಂದು ಕೈಮುಗಿದು ಹೋದರು.

ಮಂಟಪಕ್ಕೆ ಮರಳಿ ಚಾಪೆಯ ಮೇಲೆ ಉರುಳಿದಾಗ ಪಕ್ಕದ ಚಾಪೆಯಲ್ಲಿ ಗಜೇಂದ್ರಗಡ ಕಡೆಯ ಅಜ್ಜ ಒಬ್ಬ ಕೂತಿದ್ದ. ತಲೆದಿಂಬಿನ ಜಾಗದಲ್ಲಿ ನನ್ನ ಬೂಟು.

ನಾನು ನೋಡುತ್ತಿದ್ದದ್ದು ಕಂಡು ಅವನಿಗೆ ಹಿಗ್ಗು. “ದಾಸೋಹದಾಗ ಕೊಟ್ಟಾರ್ರೀ. ಕಾಲು ಬಾತು ಹಳೀ ಚಪ್ಪಲ್ ಹಿಡಿಸ್ತಿದ್ದಿಲ್ಲ. ಇವು ಏನ್ ಕುಂತಾವಂತೀರಿ! ಕೊಟ್ಟಾತನ ಹೊಟ್ಟಿ ತಣ್ಣಗಿರಲಿ, ಅವನ ಮಕ್ಕಳು ಮರಿ ಬಾಳಲಿ.” ಮುಟ್ಟಿ ನೋಡೆಂದು ಒಂದನ್ನು ನನ್ನ ಕೈಗೇ ಕೊಟ್ಟ. ಮುಟ್ಟಿ ನೋಡಿದೆ. ಮೆತ್ತಗಿತ್ತು. ಒಳಗೆ ಪೂರಾ ಒಣಗಿತ್ತು.

ಇಷ್ಟು ಹರಸಿದವನನ್ನು ಏನೆಂದು ಕೇಳುವುದು? ಬೂಟು ಹಿಂದಿರುಗಿಸಿದೆ. ಅಷ್ಟರಲ್ಲಿ ಅಜ್ಜನ ಕಣ್ಣು ನನ್ನ ಚಾಪೆಯ ಅಂಚಿಗೆ ಹೋಯಿತು. ನೀಲಿ ಚಪ್ಪಲಿ ಎತ್ತಿಕೊಂಡು, ತಿರುಗಿಸಿ, ದೀಪಕ್ಕೆ ಹಿಡಿದು ನೋಡಿದ.

“ತಡೀರಿ. ಈ ಪಿನ್ನು ನಾನ ಹಾಕಿದ್ದು!”

ಸುತ್ತ ಮಲಗಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಬೆಳಿಗ್ಗೆ ಬೊಕ್ಕೆಯ ಫೋಟೊ ತೆಗೆದ ಹುಡುಗನೂ ಅಲ್ಲೇ ಇದ್ದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ದೊಡ್ಡ ಮನಸ್ಸು ಮಾಡಿ ಚಪ್ಪಲಿಯನ್ನು ನನ್ನ ಕಡೆಗೇ ಸರಿಸಿದ. “ಇರಲಿ, ಹಾಕ್ಕೋ ತಮ್ಮಾ. ಮಲ್ಲಯ್ಯನ ದಾರ್ಯಾಗ ಕಳವು ಅನಬಾರದು. ಆದರ ಇನ್ನೊಮ್ಮಿ ಕೇಳಿ ತಗೋ.”

ಮಾವ ಹೊದಿಕೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದ. ಸೀರೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿ, ಅಜ್ಜನಿಗೆ ಕೈಮುಗಿದು ಅಂದಳು: “ಚಿಕ್ಕೋನಿದ್ದಾಗ್ಲಿಂದ್ಲೂ ಹಿಂಗೇ ಯಜ್ಜಾ. ಏನೂ ತಿಳ್ಕೋಬ್ಯಾಡಿ.”