ಹೊಗೆಯಿಲ್ಲದ ಬೆಂಕಿ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯತಕ್ಕದ್ದು. ನಮ್ಮ ತರ್ಕಶಾಸ್ತ್ರದ ಪಂಡಿತರು ತಲೆತಲಾಂತರದಿಂದ ಶಿಷ್ಯರಿಗೆ ಉರು ಹೊಡೆಸಿದ ಪಾಠವಿದು. ಅಮೆರಿಕದ ಅರಣ್ಯ ಸೇವೆಯವರು ಇದನ್ನೂ ಮೀರಿಸಿದರು: ಬೆಟ್ಟದ ಮೇಲೆ ಬೆಂಕಿಯಿದೆ, ಹೊಗೆಯಿಲ್ಲ. ಇದ್ದರೂ ಕಡತದಲ್ಲಿಲ್ಲ.

ಅಲ್ಲಿ ಕಾಡ್ಗಿಚ್ಚು ಆರಿಸುವವರು ದಶಕಗಳ ಕಾಲ ಮಾಸ್ಕ್ ಹಾಕುವಂತಿರಲಿಲ್ಲ. ತಲೆಗೆ ಹೆಲ್ಮೆಟ್, ಮೈಗೆ ಬೆಂಕಿ ತಾಳುವ ಹಳದಿ ಅಂಗಿ, ಕೈಗೆ ಗವಸು, ಎಲ್ಲವೂ ನಿಯಮದ ಪ್ರಕಾರ. ಮೂಗಿಗೆ ಮಾತ್ರ ಹತ್ತಿಯ ಕರವಸ್ತ್ರ. ಹೊಗೆಯಲ್ಲಿನ 2.5 ಮೈಕ್ರಾನಿನ ಸೂಕ್ಷ್ಮ ಕಣವನ್ನು ಅದು ತಡೆಯುವುದೂ ಒಂದೇ, ಕುರಿದೊಡ್ಡಿಯ ಬೇಲಿ ಸೊಳ್ಳೆಯನ್ನು ತಡೆಯುವುದೂ ಒಂದೇ.

ಕಾರಣ ಕೇಳಿದರೆ ಕರುಳು ಚುರುಕ್ಕೆನ್ನುತ್ತದೆ. ಮಾಸ್ಕ್ ಹಾಕಿದರೆ ಮೈ ಕಾದು ಆಳು ಕುಸಿದುಬಿಟ್ಟಾನು ಎಂಬ ಕಾಳಜಿಯಂತೆ! ಹೊತ್ತಿ ಉರಿಯುವ ಪೈನ್ ಮರಗಳ ಮುಂದೆ ದಿನಕ್ಕೆ ಹದಿನಾಲ್ಕು, ಹದಿನಾರು ಗಂಟೆ ನೆಲ ಅಗೆಯುವವನಿಗೆ ಸೆಕೆಯಾಗುವುದು ಮೂಗಿನ ಮೇಲಿನ ಮಾಸ್ಕಿನಿಂದ. (ಮೈ ಕಾದು ಸಾಯುವ ಅಪಾಯ ಸುಳ್ಳಲ್ಲ. ಆ ಕಾಳಜಿ ಚರ್ಮದಿಂದ ಶ್ವಾಸಕೋಶಕ್ಕೆ ಇಳಿಯಲೇ ಇಲ್ಲ, ಅಷ್ಟೆ.)

ಕ್ಯಾಲಿಫೋರ್ನಿಯಾದವರದು ಇನ್ನೂ ಸೊಗಸು. ಕಾಡ್ಗಿಚ್ಚಿನ ಹೊಗೆಯಿಂದ ವಾಯು ಗುಣಮಟ್ಟ ಸೂಚ್ಯಂಕ 151 ಮುಟ್ಟಿದರೆ, ಹೊರಗೆ ದುಡಿಯುವವರಿಗೆ ಮಾಲೀಕರು ಎನ್95 ಮಾಸ್ಕ್ ಒದಗಿಸಬೇಕೆಂದು 2019ರಲ್ಲಿ ನಿಯಮ ಮಾಡಿದರು. ಹತ್ತಾರು ಮೈಲಿ ದೂರದ ತೋಟದಲ್ಲಿ ದ್ರಾಕ್ಷಿ ಕೀಳುವವನಿಗೆ ಮಾಸ್ಕ್ ಉಂಟು. ವಿನಾಯಿತಿ ಯಾರಿಗೆ? ಆ ಕಾಡ್ಗಿಚ್ಚನ್ನು ಆರಿಸುತ್ತಿರುವವನಿಗೆ. ಊರಿಗೆಲ್ಲ ಎಲೆ ಹಾಕಿ ಅಡುಗೆಯವನನ್ನು ಉಪವಾಸ ಕಳಿಸುವ ಮದುವೆಮನೆ ಇದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಬೆಂಕಿ ಆರಿಸುವ ವೃತ್ತಿಯೇ ಕ್ಯಾನ್ಸರ್‌ಕಾರಕ ಎಂದು ಮೊದಲನೆಯ ಗುಂಪಿಗೆ, ತಂಬಾಕಿನ ಪಕ್ಕಕ್ಕೆ, ಸೇರಿಸಿತು. ಅರಣ್ಯ ಸೇವೆ ಗಾಬರಿಯಾಗುವ ಅಗತ್ಯವೇನೂ ಇರಲಿಲ್ಲ. ಅದರ ದಾಖಲೆಗಳಲ್ಲಿ ಈ ಜನ ಎಷ್ಟೋ ವರ್ಷಗಳ ಕಾಲ ಅಗ್ನಿಶಾಮಕರೇ ಆಗಿರಲಿಲ್ಲ, 'ಫಾರೆಸ್ಟ್ರಿ ಟೆಕ್ನಿಷಿಯನ್'ಗಳು. ಅಗ್ನಿಶಾಮಕರಿಗೆ ಬರುವ ಕ್ಯಾನ್ಸರ್ ಟೆಕ್ನಿಷಿಯನ್ನರಿಗೆ ಯಾವ ಧೈರ್ಯದ ಮೇಲೆ ಬಂದೀತು? ಬಂದರೂ ಪರಿಹಾರದ ಅರ್ಜಿ ಎಷ್ಟೋ ಸಲ ತಿರಸ್ಕೃತವಾಗುತ್ತಿತ್ತು.

ಕೊನೆಗೂ 2025ರ ಸೆಪ್ಟೆಂಬರಿನಲ್ಲಿ ಅರಣ್ಯ ಸೇವೆಗೆ ಹೊಗೆಯ ವಾಸನೆ ಬಡಿಯಿತು. ಎನ್95 ಮಾಸ್ಕ್ ಹಾಕಿಕೊಳ್ಳಬಹುದು ಎಂದು ಅಪ್ಪಣೆಯಾಯಿತು. ಆದರೆ ತೀರಾ ಏದುಸಿರು ಬರಿಸುವಂಥ ಕೆಲಸ ಮಾಡುವಾಗ ಹಾಕಕೂಡದು.

ಕೊಡೆ ಕೊಟ್ಟಿದ್ದೇವೆ, ಜೋಪಾನ. ಮಳೆ ಜೋರಾದಾಗ ಮಡಚಿಟ್ಟುಕೊಳ್ಳಿ.