ಒಂದು ಕೆಲಸಕ್ಕೆ 3.2 ಕೋಟಿ: ಆ ಪ್ರಶ್ನೆ ಸಾಯಬಾರದಿತ್ತು

2024ರ ಜೂನ್‌ನಲ್ಲಿ, ಕೇಂದ್ರ ಸಚಿವರಾದ ಹೊಸತರಲ್ಲೇ, ಎಚ್.ಡಿ. ಕುಮಾರಸ್ವಾಮಿ ಒಂದು ಲೆಕ್ಕ ಮುಂದಿಟ್ಟರು. ಗುಜರಾತಿನ ಸಾಣಂದ್‌ನಲ್ಲಿ ಅಮೆರಿಕದ ಚಿಪ್ ಕಂಪನಿ ಮೈಕ್ರಾನ್‌ನ ಘಟಕದಲ್ಲಿ 5,000 ಕೆಲಸಕ್ಕೆ 200 ಕೋಟಿ ಡಾಲರ್ ಸಬ್ಸಿಡಿ, ಅಂದರೆ ಒಂದು ಕೆಲಸಕ್ಕೆ 3.2 ಕೋಟಿ ರೂಪಾಯಿ. ಆಮೇಲೆ ಅವರೇ ಸ್ಪಷ್ಟನೆ ಕೊಟ್ಟರು, ಚರ್ಚೆ ಅಲ್ಲಿಗೇ ನಿಂತಿತು. ನಿಲ್ಲಬಾರದಿತ್ತು. 275 ಕೋಟಿ ಡಾಲರಿನ ಆ ಯೋಜನೆಯಲ್ಲಿ ಕೇಂದ್ರದ್ದು ಶೇ 50, ಗುಜರಾತಿನದು ಶೇ 20. ಅಷ್ಟು ಕೊಟ್ಟು ನಮಗೆ ಸಿಗುವುದು ಬೇರೆ ಕಡೆ ತಯಾರಾದ ವೇಫರ್, ಅಂದರೆ ಚಿಪ್‌ಗಳನ್ನು ಮೂಡಿಸಿದ ಸಿಲಿಕಾನ್ ಬಿಲ್ಲೆ, ಕತ್ತರಿಸಿ, ಪ್ಯಾಕ್ ಮಾಡಿ, ಟೆಸ್ಟ್ ಮಾಡುವ ಕೆಲಸ.

ಆದರೂ ಕೆಲಸದ ಸಂಖ್ಯೆ ಸರಿಯಾದ ಅಳತೆಗೋಲಲ್ಲ. ಫ್ಯಾಬ್, ಅಂದರೆ ವೇಫರ್ ಮೇಲೆ ಚಿಪ್ ಮೂಡಿಸುವ ಕಾರ್ಖಾನೆ, ಬದುಕುವುದು ಯೀಲ್ಡ್ ಮೇಲೆ: ಮಾಡಿದ ಚಿಪ್‌ಗಳಲ್ಲಿ ಕೆಲಸಕ್ಕೆ ಬರುವವು ಎಷ್ಟು ಪಾಲು ಎಂಬುದರ ಮೇಲೆ. ಧೋಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್‌ಎಂಸಿ ಜೊತೆ ಕೈಗೆತ್ತಿಕೊಂಡಿರುವುದು ನಿಜವಾದ ಫ್ಯಾಬ್: 91,000 ಕೋಟಿ ರೂಪಾಯಿ, ತಿಂಗಳಿಗೆ 50,000 ವೇಫರ್. 300 ಮಿ.ಮೀ. ವೇಫರಿನಲ್ಲಿ 50 ಚದರ ಮಿ.ಮೀ. ಅಳತೆಯ ಚಿಪ್ ಹೆಚ್ಚುಕಮ್ಮಿ 1,300 ಕೂರುತ್ತವೆ. ಯೀಲ್ಡ್ ಶೇ 90 ಇದ್ದರೆ 1,170 ಚಿಪ್ ಮಾರಬಹುದು, ಶೇ 60 ಇದ್ದರೆ ಬರೀ 780. ವೇಫರಿನ ಖರ್ಚು ಮಾತ್ರ ಎರಡಕ್ಕೂ ಒಂದೇ. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಡಿಮ್ ಆದರೆ ಪಂಪು, ತಂಪು ಮಾಡುವ ಚಿಲ್ಲರ್ ಟ್ರಿಪ್ ಆಗಿ, ಎರಡು ಮೂರು ತಿಂಗಳು ನೂರಾರು ಹಂತ ದಾಟಿ ಬಂದ ವೇಫರ್ ಕಸವಾಗಬಹುದು. ಸಬ್ಸಿಡಿಯೋ, ಕಂಪನಿ ಹಾಕಿದ ಹಣಕ್ಕೆ ಸಮಸಮವಾಗಿ ಯೋಜನೆಯ ವೆಚ್ಚಕ್ಕೆ ಸಿಗುತ್ತದೆ. ಯಂತ್ರ ಕೂರಿಸಿದ ಮೇಲೆ ಯೀಲ್ಡ್ ಏರುವ ತನಕದ ನಷ್ಟ ಯಾರ ತಲೆಗೆ? ಚಿಪ್ ಕೊಳ್ಳುವವರು ಯಾರು? ಸಂಸತ್ತಿನಲ್ಲಿ ಕೇಳಬೇಕಾದದ್ದು ಇದನ್ನು.

ಫ್ಯಾಬ್ ಗುಜರಾತಿಗೆ ಹೋಯಿತು ಎಂಬ ನಮ್ಮವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 2022ರ ಮೇನಲ್ಲಿ ಮೈಸೂರು ಬಳಿಯ ಕೋಚನಹಳ್ಳಿಗೆ ಫ್ಯಾಬ್ ತರಲು ಐಎಸ್‌ಎಂಸಿ ಎಂಬ ಕೂಟದ ಜೊತೆ ನಾವೂ ಒಪ್ಪಂದ ಮಾಡಿಕೊಂಡಿದ್ದೆವು. ತಂತ್ರಜ್ಞಾನ ಕೊಡಬೇಕಿದ್ದ ಇಸ್ರೇಲಿನ ಟವರ್ ಕಂಪನಿಯನ್ನು ಇಂಟೆಲ್ ಕೊಳ್ಳಲು ಹೊರಟಿತು, ಯೋಜನೆ ನೆನೆಗುದಿಗೆ ಬಿತ್ತು. ಆ ಖರೀದಿಯೂ 2023ರಲ್ಲಿ ಮುರಿದುಬಿತ್ತು.

ನಮ್ಮ ಬಲ ಇರುವುದು ಚಿಪ್ ಡಿಸೈನ್‌ನಲ್ಲಿ. 2021ರ ಡಿಸೆಂಬರಿನಲ್ಲಿ ಕೇಂದ್ರ ಘೋಷಿಸಿದ 76,000 ಕೋಟಿಯ ಚಿಪ್ ಯೋಜನೆಯಲ್ಲಿ ಡಿಸೈನ್ ಪ್ರೋತ್ಸಾಹಕ್ಕೆ ಇಟ್ಟದ್ದು 1,000 ಕೋಟಿ. ಅದರಡಿ ಡಿಸೈನ್ ಖರ್ಚಿನ ಅರ್ಧ ಕೊಡುವುದೆಂದಿತ್ತು, ಒಂದು ಅರ್ಜಿಗೆ ಹೆಚ್ಚೆಂದರೆ 15 ಕೋಟಿ. 28 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಒಂದು ಮಾಸ್ಕ್ ಸೆಟ್ಟಿಗೇ, ಅಂದರೆ ಡಿಸೈನ್ ಅನ್ನು ವೇಫರಿಗೆ ಇಳಿಸುವ ಅಚ್ಚುಗಳಿಗೇ, ಕೋಟಿಗಟ್ಟಲೆ ಬೇಕು. ಮೊದಲ ಚಿಪ್ಪಿನಲ್ಲಿ ದೋಷ ಕಂಡರೆ ಹಲವು ಮಾಸ್ಕ್ ಮತ್ತೆ ಮಾಡಿಸಬೇಕು, ಸಣ್ಣ ಸ್ಟಾರ್ಟಪ್ ಕೈಸೋಲುವುದು ಅಲ್ಲೇ. ಕರ್ನಾಟಕದ ಸಂಸದರು ಪಕ್ಷ ಮರೆತು ಈ ಮಿತಿ ಏರಿಸಲು ಹಟ ಹಿಡಿಯಲಿ. ಎರಡನೇ ಸುತ್ತಿನ ಮಾಸ್ಕಿಗೆ ಬೇರೆಯೇ ಹಣ ತೆಗೆದಿಡಲು ಕೇಳಲಿ.